ಹಗೇವಿನ ಪದವಿ

"ಅಜ್ಜಾರ, ಎಲ್ಲಾ ಮಠದವರೂ ತಮ್ಮ ತಮ್ಮವರ ಪರವಾಗಿ ಮಾತಾಡಿದರು. ನೀವೊಬ್ಬರೇ ಯಾಕ ಸುಮ್ಮನದೀರಿ?"

ಹೀಗೆ ಕೇಳಿದ ಶಿಷ್ಯ ಪೇಟೆಯಿಂದ ನೇರವಾಗಿ ಗುರುವಿನ ಬಳಿಗೆ ಬಂದಿದ್ದ. ಹೊಸ ಸರ್ಕಾರ ಖಾತೆ ಹಂಚಿ ಮುಗಿಸಿತ್ತು. ಪೇಟೆಯ ಒಂದು ತುದಿಯಲ್ಲಿ ಪಟಾಕಿ ಹೊಡೆಯುತ್ತಿದ್ದರು, ಇನ್ನೊಂದು ತುದಿಯಲ್ಲಿ ಟೈರು ಸುಡುತ್ತಿದ್ದರು. ಶಿಷ್ಯ ಟೈರು ಸುಡುವ ಕಡೆಯವನು. ಅವನ ಜನರ ಪೈಕಿ ಒಬ್ಬರೇ ಮಂತ್ರಿಯಾಗಿದ್ದರು. ಅವರಿಗೆ ಸಿಕ್ಕಿದ್ದು ಪಶುಸಂಗೋಪನೆ.

"ದನದ ಡಾಕ್ಟರ ಆಗಿದ್ದರು ಅಂತ ದನದ ಖಾತೇನ ಕೊಡೋದೇನ್ರಿ? ಆಚಿ ಓಣಿಯವರು ನಮ್ಮನ್ನ ಕಂಡರ ಅಂಬಾ ಅಂತಾರ. ಖಾತೆ ಒಗೆದು ಬರ್ರಿ ಅಂತ ಅವರ ಮನಿ ಮುಂದ ಕೂತೀವಿ. ಅವರೂ ಮೆತ್ತಗಾಗ್ಯಾರ. ನಿಮ್ಮದೊಂದು ಮಾತು ಬಿದ್ದರ ನಾಳೇನ ರಾಜೀನಾಮೆ."

ಗುರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಸಣ್ಣ ಸಂಸ್ಥಾನ. ಅಲ್ಲಿ ಮಳೆಯನ್ನು ನಂಬುವಂತಿರಲಿಲ್ಲ. ಅದಕ್ಕೇ ಹಿಂದಿನವರು ಊರಾಚೆಯ ದಿಬ್ಬದಲ್ಲಿ ಹಗೇವು ತೋಡಿಸಿ, ಒಳ್ಳೆಯ ವರ್ಷದ ಜೋಳವನ್ನು ಕೆಟ್ಟ ವರ್ಷಕ್ಕೆಂದು ತುಂಬಿಡುತ್ತಿದ್ದರು. ಹಗೇವು ಎಂದರೆ ನೆಲದೊಳಗಿನ ಕಣಜ. ಕೆಳಗೆ ಕೋಣೆಯಷ್ಟು ಅಗಲ, ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ. ಆ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಬೇಸಿಗೆಯಲ್ಲಿ ಮಣ್ಣು ಬಿರಿಯುತ್ತದೆ. ಮಳೆಗೆ ಮೊದಲು ಮತ್ತೆ ಮೆತ್ತಬೇಕು. ಮೆತ್ತಿದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಮೆತ್ತದೆ ಬಿಟ್ಟದ್ದು ಎಲ್ಲರಿಗೂ ಗೊತ್ತಾಗುತ್ತದೆ, ಆದರೆ ಬಹಳ ತಡವಾಗಿ.

ಹಳೆಯ ದೊರೆ ತೀರಿಕೊಂಡು ಹೊಸ ದೊರೆ ಪಟ್ಟಕ್ಕೆ ಬಂದ. ಬಂದವನು ಪದವಿಗಳನ್ನು ಹಂಚಿದ. ಯಾವ ಪದವಿಗೆ ಯಾವ ಉಡುಗೊರೆ ಎಂಬುದು ಮೊದಲಿನಿಂದ ನಡೆದು ಬಂದಿತ್ತು. ಖಜಾನೆಯವನಿಗೆ ಪಲ್ಲಕ್ಕಿ. ಸುಂಕದವನಿಗೆ ಕುದುರೆ. ಕೋಟೆಯವನಿಗೆ ಕತ್ತಿ. ಹಗೇವಿನವನಿಗೆ ಒಂದು ಸಲಿಕೆ.

ಸಲಿಕೆ ಕಾಳುಪೇಟೆಯ ಒಬ್ಬ ವ್ಯಾಪಾರಿಯ ಪಾಲಿಗೆ ಬಂತು. ದೊರೆ ತಿಳಿದೇ ಕೊಟ್ಟಿದ್ದ. ಆ ವ್ಯಾಪಾರಿ ಜೋಳದ ವ್ಯವಹಾರದಲ್ಲಿಯೇ ತಲೆ ನರೆತವನು. ಯಾವ ಕಾಳು ತಾಳುತ್ತದೆ, ಯಾವುದಕ್ಕೆ ಹುಳ ಬೀಳುತ್ತದೆ ಎಂದು ಅವನು ಹೇಳಿದರೆ ಸುತ್ತಿನ ಸಂತೆಗಳಲ್ಲಿ ಎರಡನೆಯ ಮಾತಿರಲಿಲ್ಲ. ಅವನಿಗೂ ಒಳಗೆ ಸಂತೋಷವೇ ಆಯಿತು.

ಸಂತೋಷ ಮನೆ ಮುಟ್ಟುವವರೆಗೂ ಉಳಿಯಲಿಲ್ಲ. ಸುಂಕ ಸಿಕ್ಕಿದ್ದು ಜವಳಿಪೇಟೆಗೆ. ಅವರು ಕುದುರೆಗೆ ಹಾರ ಹಾಕಿ, ಹಲಗೆ ಬಡಿಯುತ್ತ, ಬೇಕೆಂದೇ ಕಾಳುಪೇಟೆಯ ಬೀದಿಯಲ್ಲಿ ಮೆರವಣಿಗೆ ತಂದರು. "ನಮ್ಮವರಿಗೆ ಕುದುರಿ ಬಂತ್ರಪೋ! ನಿಮ್ಮ ಮಂತ್ರಿಗೋಳಿಗೆ ಹೇಳ್ರಿ, ಸಲಿಕಿ ಹಿಡಕೊಂಡು ಹಿಂದ ಬರಲಿ, ಲದ್ದಿ ಬಾಚಾಕ!" ಎಂದು ಒಬ್ಬ ಕೂಗಿದ. ಮೆರವಣಿಗೆಯೆಲ್ಲ ನಕ್ಕಿತು. ಸುಂಕದವನು ಸುಂಕ ಏರಿಸುತ್ತಾನೋ ಇಳಿಸುತ್ತಾನೋ ಎಂದು ನಕ್ಕವರೂ ಕೇಳಲಿಲ್ಲ, ನಗೆಗೀಡಾದವರೂ ಕೇಳಲಿಲ್ಲ.

ಕಾಳುಪೇಟೆ ಅಂಗಡಿ ಮುಚ್ಚಿತು. ಸಂಜೆಗೆ ಹಿರಿಯರು ವ್ಯಾಪಾರಿಯ ಕಟ್ಟೆಗೆ ಬಂದು ಕೂತರು.

"ಸಾಹುಕಾರ್ರ, ನಾಳೆ ಮುಂಜಾನೆ ಆ ಸಲಿಕಿ ಅರಮನಿ ಬಾಗಿಲಿಗೆ ಒಗೆದು ಬರ್ರಿ."

"ಮಳಿ ತಲಿ ಮ್ಯಾಲ ಬಂದದ. ದಿಬ್ಬದಾಗ ಒಂದು ಹಗೇವಿನ ಬಾಯಿನೂ ನೆಟ್ಟಗಿಲ್ಲ. ಈಗ ಮೆತ್ತಲಿಲ್ಲಂದರ ಜೋಳ ಹೋಗ್ತದ."

"ಜೋಳ ಹೋದರ ಮತ್ತ ಬೆಳೀತದ. ಪೇಟಿ ಮಾನ ಹೋದರ ಯಾವ ಹೊಲದಾಗ ಬಿತ್ತೋಣ?"

"ಕೆಟ್ಟರ ಆಮ್ಯಾಲ ಬಂದವನ ತಲಿ ಮ್ಯಾಲ ಬರ್ತದ, ನಿಮಗೇನು?" ಎಂದು ಇನ್ನೊಬ್ಬ ನಕ್ಕ. "ನಾಕು ದಿನ ಬಿಗಿಯಾಗಿ ಕೂಡ್ರಿ. ದೊರೀನ ಪಲ್ಲಕ್ಕಿ ಹೊರಿಸಿಕೊಂಡು ಬರ್ತಾನ."

ವ್ಯಾಪಾರಿ ವ್ಯಾಪಾರಿಯಂತೆಯೇ ತೂಗಿ ನೋಡಿದ. ದೊರೆ ಇವತ್ತು ಇರುತ್ತಾನೆ, ನಾಳೆ ಇನ್ನೊಬ್ಬ ಬರುತ್ತಾನೆ. ತಾನು ದಿನವೂ ಅಂಗಡಿ ತೆಗೆಯಬೇಕಾದ್ದು ಈ ಜನರ ನಡುವೆ. ಮಗನಿಗೆ ಹೆಣ್ಣು ತರಬೇಕಾದ್ದೂ ಇವರ ಮನೆಯಿಂದಲೇ. ದಿಬ್ಬದ ಜೋಳ ಎಲ್ಲರದು. ಎಲ್ಲರದಾದದ್ದಕ್ಕೆ ತಾನೊಬ್ಬನೇ ಯಾಕೆ ಕಳೆದುಕೊಳ್ಳಬೇಕು? ಮುಂಜಾನೆ ಹೋಗಿ ಸಲಿಕೆ ಹಿಂದಿರುಗಿಸಿದ.

ಕಾಳುಪೇಟೆಯವರು ಅವನನ್ನು ಹೆಗಲ ಮೇಲೆ ಹೊತ್ತು ತಂದರು. ಪದವಿ ಪಡೆದ ಯಾರಿಗೂ ಅಷ್ಟು ಹಾರ ಬಿದ್ದಿರಲಿಲ್ಲ.

ದೊರೆ ಸಿಟ್ಟಾಗಲಿಲ್ಲ. ಪಲ್ಲಕ್ಕಿಯನ್ನೂ ಕಳಿಸಲಿಲ್ಲ. "ಹಗೇವನ್ನೂ ನೀನೇ ನೋಡಿಕೋ" ಎಂದು ಕೋಟೆಯವನಿಗೆ ಹೇಳಿದ. ಕೋಟೆಯವನು ದಿಬ್ಬಕ್ಕೆ ಕಾವಲು ಹಾಕಿದ. ಕತ್ತಿ ಹಿಡಿದವನಿಗೆ ಕಳ್ಳರು ಕಾಣುತ್ತಾರೆ, ಬಿರುಕು ಕಾಣುವುದಿಲ್ಲ.

ವ್ಯಾಪಾರಿಗೆ ಕಾಣುತ್ತಿತ್ತು. ದಿಬ್ಬದ ಮಗ್ಗುಲಲ್ಲಿ ಹಾದುಹೋಗುವಾಗಲೆಲ್ಲ ಅವನ ಕಾಲು ನಿಲ್ಲುತ್ತಿತ್ತು. ಒಂದು ಸಂಜೆ ತಾಳಲಾರದೆ, ಕಾವಲಿನವನಿಗೆ ಹೇಳಿ, ಹೊಟ್ಟು ಬೆರೆಸಿದ ಮಣ್ಣಿನ ಬುಟ್ಟಿ ಆಳಿನ ತಲೆಗೆ ಹೊರಿಸಿ ಹೊರಟ. ಅವನದೇ ಪೇಟೆಯವನೊಬ್ಬ ದಾರಿಯಲ್ಲಿ ಎದುರಾದ.

"ಏನ್ರಿ ಸಾಹುಕಾರ್ರ, ಕೊಟ್ಟಾಗ ಬ್ಯಾಡ ಅಂದು ಈಗ ಕದ್ದು ಮಂತ್ರಿಗಿರಿ ಮಾಡ್ತೀರೇನು? ಹೇಳಿದ್ದರ ಹಾರ ವಾಪಸ್ ಇಸಕೊಂತಿದ್ವಿ."

ವ್ಯಾಪಾರಿ ಬುಟ್ಟಿಯ ಮಣ್ಣನ್ನು ಅಲ್ಲಿಯೇ ಸುರಿಸಿ ಮನೆಗೆ ತಿರುಗಿದ.

ಆ ವರ್ಷ ಮಳೆ ಧಾರಾಳವಾಗಿ ಸುರಿಯಿತು. ಹೊಲ ನೆನೆಯಿತು. ಹಗೇವೂ ನೆನೆಯಿತು. ಹೊಲದ ಪೈರು ನೋಡಿ ಜನ ಹಗೇವನ್ನು ಮರೆತರು. ಜವಳಿಪೇಟೆಗೂ ಕಾಳುಪೇಟೆಗೂ ಸುಂಕ ಸಮನಾಗಿ ಏರಿತು. ಅದನ್ನೂ ಜನ ಕೊಟ್ಟರು.

ಮರುವರ್ಷ ಮಳೆ ಬರಲಿಲ್ಲ. ಮನೆಯ ಜೋಳ ತೀರಿತು, ಅಂಗಡಿಯ ಜೋಳವೂ ತೀರಿತು. ಹಗೇವು ತೆಗೆಯಲು ಅಪ್ಪಣೆಯಾಯಿತು. ಹಗೇವಿನ ಬಾಯಿ ತೆರೆದ ಕೂಡಲೇ ಇಳಿಯಬಾರದು. ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗುವವರೆಗೆ ಕಾದು, ದೀಪ ಇಳಿಬಿಟ್ಟು, ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಕೋಟೆಯವನಿಗೆ ಅದು ತಿಳಿದಿರಲಿಲ್ಲ, ತಿಳಿದ ವ್ಯಾಪಾರಿಯನ್ನು ಯಾರೂ ಕರೆಸಲಿಲ್ಲ. ಹಸಿದ ಜನ ಬೇಗ, ಬೇಗ ಎಂದು ಕೂಗುತ್ತಿದ್ದರು. ಅವನು ಆಳುಗಳನ್ನು ಇಳಿಸಿಬಿಟ್ಟ. ಇಳಿದವರು ಮೇಲೆ ಬರಲಿಲ್ಲ. ಅವರ ಹೆಣ ತೆಗೆದ ಮೇಲೆ ಜೋಳ ಬಂತು. ಕಪ್ಪಗೆ, ಹೆಂಟೆ ಹೆಂಟೆಯಾಗಿ, ದನವೂ ಮೂಸದಂತೆ.

ಆದರೂ ಜನ ಅದನ್ನೇ ತೊಳೆದು ಒಣಗಿಸಿ ಬೀಸಿದರು. ಮೊದಲು ಮಕ್ಕಳು ಹೋದವು. ಕೈಕಾಲಲ್ಲಿ ಶಕ್ತಿಯಿದ್ದವರು ಊರು ಬಿಟ್ಟರು. ಜವಳಿಪೇಟೆಯ ಕುದುರೆಯನ್ನೂ ಯಾರೋ ಕೊಯ್ದು ತಿಂದರು.

ಉಳಿದ ಹಿರಿಯರು ಒಂದು ದಿನ ವ್ಯಾಪಾರಿಯ ಕಟ್ಟೆಗೆ ಬಂದರು. ಅವನ ಸೊಸೆಯಾಗಿ ಬಂದಿದ್ದ ಹುಡುಗಿಯನ್ನು ಆ ವಾರವಷ್ಟೇ ಮಣ್ಣು ಮಾಡಿದ್ದರು. ಅವಳು ಆ ಹಿರಿಯರಲ್ಲೇ ಒಬ್ಬನ ಮಗಳು.

"ನಿಮಗ ಎಲ್ಲಾ ಗೊತ್ತಿತ್ತು" ಎಂದ ಆ ತಂದೆ. "ಗೊತ್ತಿದ್ದವರು ಯಾಕ ಬಿಟ್ಟಿರಿ?"

ತನ್ನನ್ನು ಹೆಗಲ ಮೇಲೆ ಹೊತ್ತವರಲ್ಲಿ ಅವನೂ ಇದ್ದ ಎಂಬುದು ವ್ಯಾಪಾರಿಗೆ ನೆನಪಿತ್ತು. ಒಳಗೆ ಹೋಗಿ ಕದ ಹಾಕಿಕೊಂಡ.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಅಷ್ಟಾದ ಮ್ಯಾಲಾದರೂ ಆ ಜನ ಕಲಿತರೇನ್ರಿ ಅಜ್ಜಾರ?"

"ಕಲಿತರು. ಮುಂದಿನ ಸಲ ಹಗೇವಿನ ಪದವಿ ನಮಗೇ ಬೇಕು ಎಂದು ಎಲ್ಲ ಪೇಟೆಯವರೂ ಬೀದಿಗಿಳಿದರು. ಜೋಳ ಬಲ್ಲವನು ಆ ಬರದಲ್ಲಿಯೇ ಸತ್ತಿದ್ದ."