ಸೋಮ್ಯಾ ಹಾಡು ಜೋಡಿಸಿದ್ದು

ಬಾಯಾಗಿನ ಎಲಿ ಅಡಿಕಿ ಉಗುಳಿ ಬಂದು ಕುಂದರ್ರಿ, ಆಮ್ಯಾಲ ನಕ್ಕು ನೆತ್ತಿಗೇರಿದರ ನನ್ನ ಬೈಬ್ಯಾಡ್ರಿ. ನಮ್ಮೂರಾಗ ಮೈಕ್ ಸೆಟ್ ನಿಂಬೆವ್ವ ಅಂತ ಇದ್ದಳು. ಅಕಿಗೆ ಸೋಮ್ಯಾ ಅಂತ ಒಬ್ಬ ಮಗ. ಹೇಳಿದ್ದು ಮಾಡ್ತಿದ್ದ, ಹೇಳಿದ್ದನ್ನ ಹೇಳಿದಂಗ ಮಾಡ್ತಿದ್ದ. ಅದ ಅಕಿ ಹಣೇಬರ.

ನಿಂಬೆವ್ವನ ಗಂಡ ಒಂದು ಕಂಪ್ಯೂಟರ್ ತುಂಬ ಹಾಡು ಬಿಟ್ಟು ಸತ್ತಿದ್ದ. ಮದುವಿ ಹಾಡು, ಭಜನಿ, ಗೀಗೀ ಪದ, ಸಾವಿರಾರು. ಅದರಾಗ ಎಲ್ಲೋ ಅವನೇ ಹಾಡಿದ ಒಂದು ಜೋಗುಳ ಇತ್ತು. ಹೆಸರಿಲ್ಲ, ಗುರುತಿಲ್ಲ. ಈಗ ಮಗಳು ರತ್ನಿ ಗಂಡು ಹಡೆದಿದ್ದಳು. ತೊಟ್ಟಿಲ ಕಾರ್ಯದ ದಿನ ಮೊಮ್ಮಗ ಅಜ್ಜನ ಜೋಗುಳ ಕೇಳಬೇಕು ಅಂತ ನಿಂಬೆವ್ವನ ಜೀವ ಚಡಪಡಿಸ್ತಿತ್ತು.

"ಸೋಮ್ಯಾ, ಇಮಾಮಸಾಬನ ಅಂಗಡಿಗೆ ಹೋಗಿ ಹಾಡು ಜೋಡಿಸೂ ಸಾಫ್ಟ್‌ವೇರ್ ಹಾಕಿಸ್ಕೊಂಡು ಬಾ. ಮೊದಲ ಕಂಡಿದ್ದಕ್ಕ ಮರುಳಾಗಬ್ಯಾಡ, ನಾಲ್ಕು ನೋಡು."

"ಹೂಂ ಅವ್ವಾ."

ಹೋದ, ನಾಲ್ಕೂ ಹಾಕಿಸ್ಕೊಂಡು ಬಂದ. ಒಂದು ಹಾಡಿದವರ ಹೆಸರಿನ ಪ್ರಕಾರ ಜೋಡಿಸ್ತು. ಇನ್ನೊಂದು ಅದನ್ನ ಕೆಡಿಸಿ ವರ್ಷದ ಪ್ರಕಾರ ಇಟ್ತು. ಮೂರನೇದು ಅದನ್ನೂ ಕೆಡಿಸ್ತು, ನಾಲ್ಕನೇದು ಎಲ್ಲಾ ಕಲಸಿಬಿಟ್ತು. ಭಜನಿ ಒತ್ತಿದರ ಡಿಜೆ ಬಂತು.

"ನಾಲ್ಕು ನೋಡು ಅಂದರ ನಾಲ್ಕೂ ಹಾಕಿಸ್ಕೊಂಡು ಬರೋದೇನೋ ಮಂಗ್ಯಾ?"

"ಹಾಕಿಸದ ಹೆಂಗ ನೋಡಲಿ ಅವ್ವಾ?"

"ಚಲೋದೊಂದು ಇಟ್ಕೊ, ಉಳಿದದ್ದೆಲ್ಲ ತೆಗದು ಹಾಕು."

"ಹೂಂ ಅವ್ವಾ."

ಹಾಡಿದವರ ಹೆಸರಿನ ಪ್ರಕಾರ ಜೋಡಿಸೂದನ್ನ ಇಟ್ಕೊಂಡ, ಮೂರು ತೆಗದ. ಸದ್ಯ ಬುದ್ಧಿ ಬಂತಲ್ಲ ಅಂತ ನಿಂಬೆವ್ವ ಖುಷಿಲೆ ಚಹಾ ಮಾಡಾಕ ಹೋದಳು. ಚಹಾ ತರೂದ್ರಾಗ ಕಂಪ್ಯೂಟರ್ ಹೆಚ್ಚುಕಮ್ಮಿ ಬರಿದಾಗಿತ್ತು.

"ಹಾಡೆಲ್ಲಿ ಹೋದ್ವೋ?"

"ಒಬ್ಬೊಬ್ಬರದು ಚಲೋದೊಂದು ಇಟ್ಕೊಂಡೆ, ಉಳಿದದ್ದೆಲ್ಲ ತೆಗದು ಹಾಕಿದೆ."

"ಹೆಸರಿಲ್ಲದ್ವು?"

"ಅವು ಯಾರವೂ ಅಲ್ಲಲ್ಲ. ಎಲ್ಲಾ ತೆಗದೆ."

ನಿಂಬೆವ್ವ ಚಹಾದ ಕಪ್ಪು ನೆಲಕ್ಕ ಇಟ್ಟಳು. "ನಿಮ್ಮಪ್ಪ ಇವತ್ತು ಮತ್ತೊಮ್ಮೆ ಸತ್ತನಲ್ಲೋ" ಅಂತ ಎದಿ ಬಡಕೊಂಡು ಅತ್ತಳು. ರತ್ನಿ ಓಡಿ ಬಂದು ನೋಡಿ, "ಅಳಬ್ಯಾಡವ್ವಾ, ಕಂಪ್ಯೂಟರಿನ ಕಸದ ಬುಟ್ಟಿಯಾಗ ಎಲ್ಲಾ ಅದಾವ" ಅಂತ ಎತ್ತಿ ಕೊಟ್ಟಳು. ಅವ್ವಗ ಹೋದ ಜೀವ ಬಂತು.

"ಕೇಳಿಲ್ಲಿ. ಹೆಸರಿಲ್ಲದ್ದು ಸಿಕ್ಕರ ತೆಗೀಬ್ಯಾಡ. ಕಿವಿಗೊಟ್ಟು ಕೇಳು, ದನಿ ಯಾರದು ತಿಳಕೊ, ಅವರ ಹೆಸರೇ ಇಡು."

"ಹೂಂ ಅವ್ವಾ."

ಕುಂತ ನೋಡ್ರಿ ಸೋಮ್ಯಾ. ಊಟ ಮರೆತ, ನಿದ್ದಿ ಮರೆತ, ಒಂದೊಂದೇ ಕೇಳಿದ, ಹೆಸರಿಟ್ಟ. ಒಂದಿನ ಮಧ್ಯಾಹ್ನ ಒಲಿ ಮುಂದ ಓಡಿ ಬಂದು, "ಅವ್ವಾ, ಅಪ್ಪ ಸಿಕ್ಕ" ಅಂದ. ನಿಂಬೆವ್ವ ಹಂಚಿನ ಮ್ಯಾಲಿನ ರೊಟ್ಟಿ ಬಿಟ್ಟು ಓಡಿದಳು. ಮೊದಲ ಎರಡು ಕೆಮ್ಮು, ಆಮ್ಯಾಲ ಜೋಗುಳ. ಖರೇನ ಅವನ ದನಿ. ರೊಟ್ಟಿ ಕರಕಲಾತು, ಯಾರಿಗೂ ಖಬರಿಲ್ಲ.

ತೊಟ್ಟಿಲ ದಿನ ಬೇವಿನ ಗಿಡಕ್ಕ ಹಾರ್ನ್ ಕಟ್ಟಿದ್ರು. ಸೋಮ್ಯಾ ಮೈಕಿನ ಹತ್ರ ಕುಂತು ಅಪ್ಪನ ಜೋಗುಳ ಹಚ್ಚಿದ. ಓಣಿ ಮಂದಿಯೆಲ್ಲ ಹೊರಗ ಬಂದು ನಿಂತರು. ನಿಂಬೆವ್ವ ಸೆರಗಿನಾಗ ಕಣ್ಣೊರಸ್ಕೋತ, ನಕ್ಕೋತ ತೊಟ್ಟಿಲ ತೂಗಿದಳು. ಹಾಡು ಮುಗೀತು. ಚೆನ್ನಬಸವ ಅಂತ ಹೆಸರು ಹೇಳಾಕ ಕೂಸಿನ ಸೋದರತ್ತಿ ಕಿವಿ ಹತ್ರ ಬಗ್ಗಿದಳು. ಅಕಿ ಬಾಯಿ ತೆಗಿಯೂದ್ರಾಗ ಕೂಸು ಕಿಟಾರನ ಕಿರುಚಿತು.

ಸೋಮ್ಯಾ ನೆಟ್ಟಗಾದ. ಹೆಸರಿಲ್ಲದ್ದೊಂದು ಸಿಕ್ಕಿತ್ತು. ಕಿವಿಗೊಟ್ಟು ಕೇಳಿದ. ಹುಟ್ಟಿದಾಗಿಂದ ದಿನಾ ಬೈಸ್ಕೊಂಡ ದನಿ ಅದು, ಗುರುತು ಸಿಗದ ಇರ್ತದೇನು? ಮೈಕ್ ಬಾಯಿಗೆ ಹಿಡಿದು ಹೇಳಿದ:

"ಈ ಕೂಸಿನ ಹೆಸರು ನಿಂಬೆವ್ವ."

ಬಸ್‌ಸ್ಟ್ಯಾಂಡಿನ ತನಕ ಕೇಳಿಸ್ತು. ಸಾಲ್ಯಾಗ ಚೆನ್ನಬಸವ ಅಂತ ಬರೆಸಿದ್ರು, ಏನುಪಯೋಗ? ಇವತ್ತಿಗೂ ಆ ಓಣ್ಯಾಗ ನಿಂತು "ನಿಂಬೆವ್ವಾ" ಅಂತ ಕೂಗಿ ನೋಡ್ರಿ, ಮೀಸಿ ಬಂದ ಗಂಡಸು "ಓ" ಅಂತಾನ.