ಜವರ ಉಗಿ ಎಂಜಿನ್ ಮಾರಿದ್ದು

ಕೇಳ್ರಪ್ಪ, ನಗೋದಾದ್ರೆ ಮೆಲ್ಲಗೆ ನಗ್ರಿ. ನಿಂಗಾಜಮ್ಮನಿಗೆ ಒಬ್ಬನೇ ಮಗ, ಜವರ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ತಂಟೆ!

ಅವರ ಹಿತ್ತಲಲ್ಲಿ ಒಂದು ಹಳೇ ಉಗಿ ಎಂಜಿನ್. ಜವರನ ಅಪ್ಪ ಸಕ್ಕರೆ ಕಾರ್ಖಾನೆಗೆ ಕಬ್ಬು ಎಳೆದಿದ್ದು ಅದರಲ್ಲೇ. ಕಾರ್ಖಾನೆ ಮುಚ್ಚಿದಾಗ ಬಾಕಿ ಸಂಬಳಕ್ಕೆ ಅದನ್ನೇ ಅವನಿಗೆ ಕೊಟ್ಟು ಕೈ ತೊಳ್ಕೊಂಡ್ರು. ಈಗ ಅವನಿಲ್ಲ, ಮನೆ ಸೂರು ಕುಸೀತಿತ್ತು, ಮಾರಲೇಬೇಕು. ಗುಜರಿಯವನು ಸೋಮವಾರ ಬಂದು ಕತ್ತರಿಸ್ತೀನಿ ಅಂದಿದ್ದ. ಗಂಡನ ಎಂಜಿನ್ ತುಂಡಾಗೋದು ನೋಡೋಕೆ ನಿಂಗಾಜಮ್ಮನಿಗೆ ಮನಸ್ಸಿರಲಿಲ್ಲ.

"ಮಗಾ, ಓಡಿಸೋರು ಯಾರಾದ್ರೂ ಕೊಂಡ್ರೆ ಉಳ್ಕೊಳ್ತದೆ. ಅಪರೂಪದ ಎಂಜಿನ್‌ಗೇ ಬೆಲೆ. ಇಂಥದ್ದು ಎಲ್ಲೂ ಕಣ್ಣಿಗೆ ಬೀಳಬಾರದು!" ಅಂದು ಕೂಲಿಗೆ ಹೋದ್ಲು.

ಜವರ ಏನು ಮಾಡ್ದ? ಕಬ್ಬಿನ ಸೋಗೆ ತಂದು ಎಂಜಿನ್ ಪೂರಾ ಮುಚ್ಚಿಬಿಟ್ಟ! ಕೊಳ್ಳೋನು ಬಂದ.

"ಎಂಜಿನ್ ಎಲ್ಲಪ್ಪಾ?"

"ಎಲ್ಲೂ ಕಣ್ಣಿಗೆ ಬೀಳಲ್ಲ ಸ್ವಾಮಿ!"

ಬಂದೋನು ಬಂದ ದಾರೀಲೇ ಹೋದ.

ಸಂಜೆ ಬಂದ ನಿಂಗಾಜಮ್ಮ ಹಣೆ ಚಚ್ಕೊಂಡ್ಲು. "ಅಯ್ಯೋ ನನ್ನ ಕರ್ಮವೇ! ಮುಚ್ಚಿಡೋದಲ್ವೋ ಮಂಕೇ! ಮೊದಲಿದ್ದ ಭಾಗಗಳೇ ಇದ್ರೆ ಬೆಲೆ. ಬಂದೋರಿಗೆ ಒಂದೊಂದನ್ನೂ ಬಿಡಿಸಿ ಹೇಳು!"

"ಆಗ್ಲವ್ವಾ!" ಮಾರನೇ ದಿನ ನಟ್ಟು ಬಿಚ್ಚೋ ಪಾನಾ ಹಿಡಿದು ಒಂದೊಂದನ್ನೂ ಬಿಡಿಸಿದ. ಇನ್ನೊಬ್ಬ ಬಂದ.

"ಇದು ಸೀಟಿ ಸ್ವಾಮಿ! ಇದು ದೀಪ ಸ್ವಾಮಿ! ಇದು... ಇದು ಎಲ್ಲಿತ್ತೋ ಗೊತ್ತಿಲ್ಲ ಸ್ವಾಮಿ!"

"ಇದು ಗುಜರಿ ಕಣಯ್ಯಾ!" ಅಂತ ಅವನೂ ಹೋದ.

ನಿಂಗಾಜಮ್ಮ ಬೈತಾ ಬೈತಾ ಮಗನ ಜೊತೆ ಕೂತು ಎಲ್ಲಾನೂ ಜೋಡಿಸಿದ್ಲು. "ಓಡೋ ಎಂಜಿನ್‌ಗೆ ಬೆಲೆ ಕಣೋ! ನಾಳೆ ಯಾರಾದ್ರೂ ಬಂದ್ರೆ, ಬೇರೇನೂ ಮಾಡ್ಬೇಡ, ಓಡಿಸು!"

ಭಾನುವಾರ ಬಂದೋರು ಮಕ್ಕಳ ಪಾರ್ಕಿನ ಚಂದ್ರಕಾಂತರಾಯರು. ಜವರ ಕಲ್ಲಿದ್ದಲ ಸಲಿಕೆ ಎತ್ತಿ ಅವರನ್ನೇ ಓಡಿಸಿದ! ರಾಯರು ಪಂಚೆ ಎತ್ಕೊಂಡು ಎಂಜಿನ್ ಸುತ್ತಾ ಓಡಿದ್ರು. ಸಲಿಕೆ ಗುರಿ ತಪ್ಪಿ ಬಾಯ್ಲರ್‌ಗೆ ಬಿತ್ತು. ಠಣ್!

ರಾಯರು ಗಕ್ಕನೆ ನಿಂತ್ರು. "ಇನ್ನೊಂದ್ಸಲ ಹೊಡಿ!"

ಠಣ್!

"ಬಾಯ್ಲರ್ ಗಟ್ಟಿಯಾಗಿದೆ! ಸುತ್ತಾ ನೋಡ್ದೆ, ಒಂದು ಭಾಗಾನೂ ಬದಲಾಗಿಲ್ಲ! ಇಂಥದ್ದು ಎಲ್ಲೂ ಕಂಡಿಲ್ಲ! ಓಡಿಸೋಕೆ ನಾನೇ ತಗೋತೀನಿ. ನಿಂಗೂ ಕಲ್ಲಿದ್ದಲು ಹಾಕೋ ಕೆಲಸ ಕೊಡ್ತೀನಿ, ನನ್ನನ್ನ ಓಡಿಸ್ಬೇಡ ಮಾರಾಯಾ!"

ಸುದ್ದಿ ಕೇಳಿ ನಿಂಗಾಜಮ್ಮ ಖುಷಿಗೆ ಅತ್ತೇಬಿಟ್ಲು. "ಸಿಕ್ಕಿದ್ದನ್ನ ಕೈ ಬಿಡಬೇಡ ಮಗಾ!"

ಸೋಮವಾರ ಗುಜರಿಯವನು ಬಂದಾಗ ಹಿತ್ತಲು ಖಾಲಿ.

ಪಾರ್ಕಲ್ಲಿ ಮೊದಲ ಓಟದ ದಿನ ಬಂತು. ಜವರ ಒಂದು ಕೈಲಿ ಸಲಿಕೆ ಹಿಡ್ಕೊಂಡೇ ಇನ್ನೊಂದು ಕೈಯಲ್ಲಿ ಅವ್ವನ ಕೈ ಹಿಡಿದು ಎಂಜಿನ್ ಹತ್ತಿಸ್ಕೊಂಡ. ಹಿಡಿದ ಕೈ ಬಿಡ್ತಾನಾ? ಊಹೂಂ! ಒಂದೇ ಕೈಲಿ ಸಲಿಕೆ ಏಳಲ್ಲ, ಬೆಂಕಿ ಆರ್ತಾ ಬಂತು. ಮಕ್ಕಳೆಲ್ಲ ಕೂಗಾಡಿದ್ರು.

"ಕೈ ಬಿಡೋ, ಕಲ್ಲಿದ್ದಲು ಹಾಕೋ!" ಅಂದ್ಲು ಅವ್ವ.

"ಬಿಡಬೇಡ ಅಂದೋಳು ನೀನೇ ಅಲ್ವವ್ವಾ!"

ನಿಂಗಾಜಮ್ಮ ಬೈಯೋಕೆ ಬಾಯಿ ತೆಗೆದ್ಲು, ನಗು ಬಂದುಬಿಡ್ತು. ಬಿಡುವಿದ್ದ ಒಂದು ಕೈಯಲ್ಲಿ ತಾನೇ ಕಲ್ಲಿದ್ದಲು ಬಾಚಿ ಒಲೆಗೆ ಹಾಕಿದ್ಲು. ಎಂಜಿನ್ ಕೂ ಅಂತು, ಓಡ್ತು. ಜವರ ಇನ್ನೂ ಕೈ ಬಿಟ್ಟಿಲ್ವಂತೆ!