ಕರಗುವವರೆಗೆ

ಪರಮಪ್ರಸಾದ ತೆಗೆದುಕೊಂಡು ಬಂದು ಕಣ್ಣು ಮುಚ್ಚಿದರೆ ಚೌರಪ್ಪನಿಗೆ ತಿಂಡಿ ನೆನಪಾಗುತ್ತಿತ್ತು.

ಹೊಳೆ ದಂಡೆಯ ಆ ಕ್ರೈಸ್ತ ಆಶ್ರಮದಲ್ಲಿ, ಬೆಳಗಿನ ಬಲಿಪೂಜೆಯಲ್ಲಿ ಪ್ರಸಾದ ಹಂಚಿದ ಮೇಲೆ ಯಾರೂ ಬೇಗ ಏಳುವುದಿಲ್ಲ. ನಾಲಿಗೆಯ ಮೇಲಿನ ತೆಳು ರೊಟ್ಟಿ ಕರಗಿ ಒಳಗಿಳಿಯುವ ತನಕ, ಇಳಿದು ಒಂದಷ್ಟು ಹೊತ್ತಾಗುವ ತನಕ, ಚಾಪೆಯ ಮೇಲೆ ಸುಮ್ಮನೆ ಕೂರುತ್ತಾರೆ. ಪ್ರಭು ಯೇಸು ಒಳಗೆ ಬಂದ ಹೊತ್ತು ಅದು. ಬಂದವರೊಡನೆ ಮಾತಾಡುವ ಹೊತ್ತು.

ಉಳಿದವರ ಮುಖ ನೋಡಿದರೆ ಮಾತು ಚೆನ್ನಾಗಿಯೇ ನಡೆದಂತಿತ್ತು. ಚೌರಪ್ಪನ ಒಳಗೆ ಅಡುಗೆಮನೆಯ ಒಗ್ಗರಣೆ ಬಿಟ್ಟರೆ ಬೇರೆ ಸದ್ದಿಲ್ಲ.

ಮೊದಲು ಅವನು ಬಸ್ ಕಂಡಕ್ಟರ್. ಅದನ್ನು ಬಿಟ್ಟು ಇಲ್ಲಿಗೆ ಬಂದಿದ್ದ. ಬರುವ ಹಬ್ಬದ ದಿನ ಪೂಜಾಪೀಠದ ಮುಂದೆ ನಿಂತು, ಸಾಯುವ ತನಕ ಇಲ್ಲೇ ಇರುತ್ತೇನೆಂದು ವ್ರತ ತೊಡಬೇಕಿತ್ತು. ಹಬ್ಬ ಹತ್ತಿರ ಬಂದಷ್ಟೂ ಒಗ್ಗರಣೆಯ ಸದ್ದು ಜೋರಾಯಿತು.

ಒಂದು ಬೆಳಿಗ್ಗೆ ಪೂಜೆ ಮುಗಿದದ್ದೇ ಅವನು ಗುರುಗಳ ಬಳಿ ಹೋದ. ಇನ್ನಾಸಿ ಸ್ವಾಮಿಗಳು ಬದನೆ ಗಿಡಕ್ಕೆ ನೀರು ಹಾಕುತ್ತಿದ್ದರು.

"ಸ್ವಾಮಿ, ನಾನು ಹೋಗ್ತೀನಿ."

"ಎಲ್ಲಿಗೆ?"

"ವಾಪಸ್. ಬಸ್ಸಿಗೆ."

"ಯಾಕೆ?"

"ಪ್ರಸಾದ ತಗೊಂಡ್ರೆ ನನಗೇನೂ ಆಗಲ್ಲ. ಪ್ರಭು ಬಂದಿದಾರೆ ಅಂತ ಗೊತ್ತೇ ಆಗಲ್ಲ. ಗೊತ್ತಾಗದೆ ವ್ರತ ತೊಟ್ರೆ ಅದು ಸುಳ್ಳಲ್ವಾ?"

ಗುರುಗಳು ಇನ್ನೊಂದು ಗಿಡಕ್ಕೆ ನೀರು ಹಾಕಿದರು.

"ಇವತ್ತು ತಿಂಡಿ ಏನು?"

"ಉಪ್ಪಿಟ್ಟು."

"ತಿಂದ್ಯಾ?"

"ಇನ್ನೂ ಇಲ್ಲ."

"ಮತ್ತೆ ಹ್ಯಾಗೆ ಗೊತ್ತಾಯ್ತು?"

"ವಾಸನೆ ಬಂತಲ್ಲ ಸ್ವಾಮಿ."

"ಹೂಂ," ಅಂದರು ಗುರುಗಳು. ಅಷ್ಟೇ.

ಚೌರಪ್ಪ ಆ 'ಹೂಂ' ಅನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಏನೂ ಸಿಗಲಿಲ್ಲ.

"ಹೋಗೋದಾದ್ರೆ ಹೋಗು," ಅಂದರು ಗುರುಗಳು. "ಅದಕ್ಕೆ ಮೊದಲು ಲೂರ್ದಮ್ಮನಿಗೆ ಪ್ರಸಾದ ಕೊಟ್ಟು ಬಾ."

ಲೂರ್ದಮ್ಮ ಊರ ಕೊನೆಯ ಮನೆಯ ಮುದುಕಿ. ಹಾಸಿಗೆ ಹಿಡಿದಿದ್ದಳು. ಅವಳು ಗುಡಿಗೆ ಬರಲಾರಳು, ಪ್ರಸಾದವೇ ಅವಳಲ್ಲಿಗೆ ಹೋಗಬೇಕು. ಅದನ್ನು ಪುಟ್ಟ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಚೀಲದಲ್ಲಿಟ್ಟು, ಚೀಲವನ್ನು ಕೊರಳಿಗೆ ಹಾಕಿಕೊಂಡು ಒಯ್ಯುತ್ತಾರೆ. ಒಯ್ಯುವವನು ದಾರಿಯಲ್ಲಿ ಯಾರೊಡನೆಯೂ ಮಾತಾಡುವಂತಿಲ್ಲ.

ಚೌರಪ್ಪ ಮಾತಾಡಲಿಲ್ಲ. ಕುರಿ ಮೇಯಿಸುತ್ತಿದ್ದವನೊಬ್ಬ "ಏನ್ ಬ್ರದರ್ರೇ, ರೈಟ್ ರೈಟಾ?" ಎಂದು ರೇಗಿಸಿದ. ಅದಕ್ಕೂ ಮಾತಾಡಲಿಲ್ಲ.

ಮನೆಯವರು ಕೂಲಿಗೆ ಹೋಗಿದ್ದರು. ಬಾಗಿಲು ತೆರೆದೇ ಇತ್ತು. ಚೌರಪ್ಪ ಬಿಳಿ ಬಟ್ಟೆ ಹಾಸಿ ಮೇಣದ ಬತ್ತಿ ಹಚ್ಚಿದ. ಪುಸ್ತಕ ನೋಡಿ ಪ್ರಾರ್ಥನೆ ಹೇಳಿದ. ಒಂದಕ್ಷರ ಬಿಡಲಿಲ್ಲ. ಪ್ರಸಾದ ಎತ್ತಿ ಹಿಡಿದ.

"ಕ್ರಿಸ್ತರ ಶರೀರ."

"ಆಮೆನ್," ಎಂದು ಲೂರ್ದಮ್ಮ ಬಾಯಿ ತೆರೆದಳು.

ಪ್ರಸಾದಕ್ಕೆ ಹಲ್ಲು ತಾಗಿಸಬಾರದು, ಪ್ರಭುವಿಗೆ ನೋವಾಗುತ್ತದೆ ಎಂದು ಚಿಕ್ಕಂದಿನಲ್ಲಿ ಯಾರೋ ಅವಳಿಗೆ ಹೇಳಿಕೊಟ್ಟಿದ್ದರು. ಈಗ ಹಲ್ಲೇ ಇಲ್ಲ. ಆದರೂ ವಸಡು ತಾಗಿಸಲಿಲ್ಲ. ಕಾಯಿಲೆಗೆ ಒಣಗಿದ ಬಾಯಿ. ರೊಟ್ಟಿ ಅಂಗುಳಕ್ಕೆ ಅಂಟಿತು. ನಾಲಿಗೆಯಿಂದ ತಳ್ಳಿದಳು. ಕೆಮ್ಮು ಬಂತು. ಕೆಮ್ಮಿದ ರಭಸಕ್ಕೆ ಪ್ರಸಾದ ಕಂಬಳಿಯ ಮೇಲೆ ಬಂದು ಬಿತ್ತು.

ಇಬ್ಬರೂ ಅದನ್ನೇ ನೋಡಿದರು.

"ಯೇಸುಸ್ವಾಮಿ ನನ್ನ ಬ್ಯಾಡ ಅಂದ್ಬುಟ್ರಲ್ಲ ಮಗ," ಅಂದಳು ಲೂರ್ದಮ್ಮ.

ಹೀಗಾದಾಗ ತಂದವನೇ ಅದನ್ನು ತಿಂದುಬಿಡಬಹುದು. ಚೌರಪ್ಪನಿಗೆ ಗೊತ್ತಿತ್ತು. ಆದರೆ ಎಂಜಲು ಕಂಡು ಹೇಸಿ, ಚಾಚಿದ ಕೈ ಹಿಂದೆಗೆದ. ಪ್ರಭುವನ್ನು ಕಂಡು ಹೇಸಿದೆನಲ್ಲ ಎಂದು ಇನ್ನಷ್ಟು ಹೆದರಿದ. ಬಟ್ಟೆಯಲ್ಲಿ ಸುತ್ತಿಕೊಂಡು, ಮೇಣದ ಬತ್ತಿ ಆರಿಸುವುದನ್ನೂ ಮರೆತು, ಓಡುನಡಿಗೆಯಲ್ಲಿ ಆಶ್ರಮಕ್ಕೆ ಬಂದ.

ಗುರುಗಳು ಬಟ್ಟೆ ಬಿಚ್ಚಿ ನೋಡಿದರು. ಗಾಜಿನ ಲೋಟಕ್ಕೆ ನೀರು ಹಾಕಿ ಪ್ರಸಾದವನ್ನು ಅದರಲ್ಲಿ ಬಿಟ್ಟರು. ಲೋಟವನ್ನು ಒಯ್ದು ಗುಡಿಯ ಪೀಠದ ಮೇಲಿಟ್ಟರು.

"ಕೂತ್ಕೋ."

"ಏನ್ ಮಾಡ್ಲಿ?"

"ನೋಡು. ಕರಗಿದ್ಮೇಲೆ ನನ್ನ ಕರಿ."

"ಕರಗೋ ತನಕ ಅದು ಪ್ರಭುವೇ ಅಲ್ವಾ ಸ್ವಾಮಿ? ಆಮೇಲೆ?"

"ನೋಡು ಅಂದೆ."

ಚೌರಪ್ಪ ಕೂತ.

ಮೊದಲು ರೊಟ್ಟಿ ತೇಲುತ್ತಿತ್ತು. ಆಮೇಲೆ ಮೆತ್ತಗಾಗಿ ಬಾಗಿತು. ಅದರ ಮೇಲಿದ್ದ ಶಿಲುಬೆಯ ಗುರುತು ಅಳಿಸಿತು. ಅಂಚು ಬಿಟ್ಟಿತು. ಬಿಳಿ ಚೂರುಗಳು ಒಂದೊಂದಾಗಿ ತಳಕ್ಕಿಳಿದವು.

ಇದು ಪ್ರಭುವೇ? ಈ ಚೂರೂ? ಚೂರಿನ ಸುತ್ತಲಿನ ಮಬ್ಬು ನೀರು? ಲೋಟದಲ್ಲಿ ಕರಗುತ್ತಿರುವವರು ಹೋಗುವುದೆಲ್ಲಿಗೆ? ತನ್ನ ಹೊಟ್ಟೆಯಲ್ಲಿ ದಿನವೂ ಕರಗಿದವರು ಹೋದದ್ದೆಲ್ಲಿಗೆ?

ತಲೆ ಸುತ್ತಿತು. ಧ್ಯಾನ ಮಾಡೋಣವೆಂದು ಕಣ್ಣು ಮುಚ್ಚಿದ. ಲೂರ್ದಮ್ಮನ ಬೊಚ್ಚುಬಾಯಿ ಕಂಡಿತು. ಕಣ್ಣು ತೆರೆದು ಜಪ ಹೇಳಿಕೊಂಡ. ಜಪದ ನಡುವೆ ಅವಳ ಮಾತು ಬಂತು. ಅದನ್ನು ಅತ್ತ ತಳ್ಳಿ ಮತ್ತೆ ಮೊದಲಿನಿಂದ ಹೇಳಿದ. ಮತ್ತೆ ಬಂತು.

ಊಟದ ಗಂಟೆ ಹೊಡೆಯಿತು. ಯಾರೂ ಅವನನ್ನು ಕರೆಯಲಿಲ್ಲ. ಬಿಸಿಲು ಹೊಳೆ ದಾಟಿ ಆಚೆ ದಡಕ್ಕೆ ಹೋಯಿತು.

ಗುರುಗಳೇ ಬಂದರು.

"ಕರಗಿತಾ?"

"ಗೊತ್ತಾಗ್ತಿಲ್ಲ ಸ್ವಾಮಿ. ಎಲ್ಲೀವರೆಗೆ ಪ್ರಸಾದ, ಎಲ್ಲಿಂದ ನೀರು ಅಂತ ಹೇಳೋಕಾಗ್ತಿಲ್ಲ."

"ಒಳಗೇನಾದ್ರೂ ಆಯ್ತಾ?"

"ಏನೂ ಇಲ್ಲ. ಆ ಅಜ್ಜಿ ಒಂದೇ ಸಮ ಕಣ್ಮುಂದೆ ಬರ್ತಾಳೆ. ಓಡಿಸಿದ್ರೂ ಹೋಗಲ್ಲ."

"ಯಾಕೆ ಓಡಿಸ್ತೀಯ?"

"ಪ್ರಭುವಿನ ಧ್ಯಾನ ಮಾಡ್ಬೇಕಲ್ಲ."

ಗುರುಗಳು ಒಂದು ಸದ್ದು ಮಾಡಿದರು. ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ.

"ಏನಂದ್ಲು ಅವಳು?"

"ಯೇಸುಸ್ವಾಮಿ ನನ್ನ ಬೇಡ ಅಂದ್ರು ಅಂತ."

"ನೀನೇನಂದೆ?"

"ಏನೂ ಅನ್ಲಿಲ್ಲ."

"ಯಾಕೆ?"

"ಪ್ರಸಾದ ಕೈಲಿತ್ತಲ್ಲ ಸ್ವಾಮಿ. ಮಾತಾಡ್ಬಾರದಲ್ಲ."

ಹೇಳಿದ ಮೇಲೆ ಆ ಮಾತು ಅವನ ಕಿವಿಗೇ ಬಿತ್ತು. ತಲೆ ತಗ್ಗಿಸಿದ.

"ಮಧ್ಯಾಹ್ನ ಏನ್ ಸಾರು ಮಾಡಿದ್ರು?" ಗುರುಗಳು ಕೇಳಿದರು.

"ನೋಡ್ಲಿಲ್ಲ."

"ವಾಸನೆ ಬರ್ಲಿಲ್ವಾ?"

ಚೌರಪ್ಪ ಯೋಚಿಸಿದ. ಬಂದಿರಲಿಲ್ಲ. ಅಡುಗೆಮನೆ ಗುಡಿಯ ಗೋಡೆಗೆ ಒತ್ತಿಕೊಂಡೇ ಇತ್ತು.

ಗುರುಗಳು ಲೋಟ ಎತ್ತಿಕೊಂಡು ಹೋಗಿ, ಯಾರೂ ತುಳಿಯದ ಜಾಗದಲ್ಲಿ, ದಾಸವಾಳದ ಬುಡಕ್ಕೆ ಸುರಿದರು. ಲೋಟ ತೊಳೆದ ನೀರನ್ನೂ ಅಲ್ಲೇ ಸುರಿದರು. ಒಳಗೆ ಬಂದು ಪೀಠದ ಹಿಂದಿನ ಪ್ರಸಾದದ ಪೆಟ್ಟಿಗೆ ತೆರೆದರು. ಒಂದು ರೊಟ್ಟಿಯಿಂದ ಅಕ್ಕಿಕಾಳಿನಷ್ಟು ಚೂರು ಮುರಿದು ಡಬ್ಬಿಯಲ್ಲಿಟ್ಟರು. ಅಡುಗೆಮನೆಯಿಂದ ಒಂದು ಚಮಚ ತಂದು ಚೌರಪ್ಪನ ಕೈಗೆ ಕೊಟ್ಟರು.

"ನಡಿ."

ಲೂರ್ದಮ್ಮನ ಮನೆಯಲ್ಲಿ ಮೇಣದ ಬತ್ತಿ ತಳದವರೆಗೂ ಉರಿದು ಆರಿತ್ತು. ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಗುರುಗಳು ಹೊರಗೆ ಜಗಲಿಯ ಮೇಲೆ ಕೂತುಬಿಟ್ಟರು.

"ನೀವು ಬರಲ್ವಾ ಸ್ವಾಮಿ?"

"ಮಂಡಿ ನೋವು. ಹೋಗು."

ಚೌರಪ್ಪ ಒಬ್ಬನೇ ಒಳಗೆ ಹೋದ.

"ಅಜ್ಜಿ, ಪ್ರಸಾದ ತಂದಿದೀನಿ."

"ಬ್ಯಾಡ. ಉಗುಳಿದ ಬಾಯಿ ಇದು. ಅವರೇ ಬ್ಯಾಡ ಅಂದ್ಮೇಲೆ ನೀನ್ಯಾಕೆ ಬಲವಂತ ಮಾಡೀಯ?"

ಇದಕ್ಕೆ ಪುಸ್ತಕದಲ್ಲಿ ಪ್ರಾರ್ಥನೆ ಇರಲಿಲ್ಲ. ಚೌರಪ್ಪ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತ. ಚಮಚವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

ಗೋಡೆಯ ಕಡೆಗೇ ಮುಖವಿಟ್ಟು ಅವಳೇ ಕೇಳಿದಳು.

"ಬೆಳಿಗ್ಗೆದು ಏನ್ ಮಾಡ್ದೆ? ಎಸೆದ್ಯಾ?"

"ಅಯ್ಯೋ, ಇಲ್ಲಜ್ಜಿ. ನೀರಲ್ಲಿ ಬಿಟ್ಟು ನೋಡ್ತಾ ಕೂತಿದ್ದೆ."

"ಎಷ್ಟೊತ್ತು?"

"ಇಷ್ಟೊತ್ತೂ."

ಅವಳು ಈ ಕಡೆ ತಿರುಗಿದಳು.

"ಉಣ್ದೇನೇ?"

"ಹೂಂ."

"ಹುಚ್ಚಪ್ಪ." ಅವಳು ಅವನ ಮುಖವನ್ನೇ ನೋಡಿದಳು. "ಯೇಸುಸ್ವಾಮಿ ಏನಂದ್ರು?"

"ಏನೂ ಅನ್ಲಿಲ್ಲ ಅಜ್ಜಿ. ನಿಮ್ಮನ್ನೇ ನೆನಪು ಮಾಡ್ತಿದ್ರು."

ಮಾತು ಆಚೆ ಬಂದ ಮೇಲೆ ಚೌರಪ್ಪ ಬೆಚ್ಚಿದ. ಅದನ್ನು ಹೇಳಲೆಂದು ಅವನು ಬಂದಿರಲಿಲ್ಲ. ನಿಜವೋ ಸುಳ್ಳೋ ಎಂದು ಯೋಚಿಸುವಷ್ಟರಲ್ಲಿ ಲೂರ್ದಮ್ಮ ಬಾಯಿ ತೆರೆದಿದ್ದಳು.

ಚಮಚದಲ್ಲಿ ನೀರು ತೆಗೆದುಕೊಂಡು ಚೂರನ್ನು ಅದರಲ್ಲಿ ಬಿಟ್ಟ.

"ಕ್ರಿಸ್ತರ ಶರೀರ."

"ಆಮೆನ್."

ಗಂಟಲು ಅಲುಗಿತು. ಇಳಿಯಿತು. ಅವಳು ಅವನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಕೈ ಬಿಡಿಸಿಕೊಳ್ಳಲಾಗದೆ ಅವನೂ ಹಾಗೇ ಕೂತ. ಅವಳಿಗೆ ನಿದ್ದೆ ಹತ್ತಿ ಹಿಡಿತ ಸಡಿಲವಾದ ಮೇಲೆ ಎದ್ದು ಬಂದ.

ಇಬ್ಬರೂ ವಾಪಸ್ ಹೊರಟರು. ಹೊಳೆ ಕಾಣುವಲ್ಲಿ ಚೌರಪ್ಪ ಬಾಯಿಬಿಟ್ಟ.

"ಸ್ವಾಮಿ, ನಾನು ಅಜ್ಜಿಗೆ ಹೇಳಿದ್ದು ಕೇಳಿಸ್ತಾ?"

"ಹೂಂ."

"ಅದು ನಿಜಾನಾ, ಸುಳ್ಳಾ?"

ಗುರುಗಳು ನಡೆಯುತ್ತಲೇ ಇದ್ದರು.

"ಒಳಗೆ ಈಗಲೂ ಏನೂ ಗೊತ್ತಾಗ್ತಿಲ್ಲ ಸ್ವಾಮಿ. ಬೆಳಿಗ್ಗೆಗಿಂತ ಗೊಂದಲ ಜಾಸ್ತಿ ಆಗಿದೆ. ಹಬ್ಬಕ್ಕೆ ನಾನು ಇರಲಾ? ಹೋಗಲಾ?"

ಗುರುಗಳು ನಿಂತರು. ಕೈ ಚಾಚಿದರು.

"ಚಮಚ ಎಲ್ಲಿ?"

ಚೌರಪ್ಪ ಜೇಬು ಮುಟ್ಟಿಕೊಂಡ. ಕೊರಳ ಚೀಲ ಮುಟ್ಟಿಕೊಂಡ. ಚಮಚ ಲೂರ್ದಮ್ಮನ ದಿಂಬಿನ ಹತ್ತಿರವೇ ಉಳಿದಿತ್ತು. ತರಲೆಂದು ಹಿಂದೆ ತಿರುಗಿದ.

"ಬಿಡು," ಅಂದರು ಗುರುಗಳು. "ಅಲ್ಲೇ ಇರಲಿ. ನಾಳೆಗೂ ಬೇಕಲ್ಲ."